ಎರಡು ಮಿಲಿಮೀಟರ್

ಕತ್ತು ಕೂರಲಿಲ್ಲ. ಗೋಂದಣ್ಣ ಓರೆ ಮಾಡಿ ನೋಡಿದ, ಅಂಗೈಯಿಂದ ಗುದ್ದಿ ನೋಡಿದ. ಹಳೆಯ ಬಾಸ್ ಗಿಟಾರಿನಿಂದ ಬಿಚ್ಚಿದ ಕತ್ತು ಹೊಸ ಗಿಟಾರಿನ ಗುಳಿಯ ಬಾಯಲ್ಲೇ ಮೊಂಡು ಹಿಡಿದು ನಿಂತಿತು.

"ಒಂದೇ ಕಂಪನಿ, ಒಂದೇ ಮಾಡೆಲ್ಲು. ಕೂರಲ್ಲ ಅಂದ್ರೇನು?" ಎಂದ, ತಂಗಿಯನ್ನು ಅಂಗಡಿಗೆ ಕರೆತಂದಿದ್ದ ಅಣ್ಣ.

"ಹೆಸರು ಒಂದೇ ಸ್ವಾಮಿ. ನಡುವೆ ಹತ್ತೊಂಬತ್ತು ವರ್ಷ ಹೋಗಿದೆ. ಎರಡು ಮಿಲಿಮೀಟರ್ ವ್ಯತ್ಯಾಸ." ಗಿಟಾರು ರಿಪೇರಿಯವನ ಬೆರಳಿಗೆ ಸದಾ ಗೋಂದು ಅಂಟಿರುತ್ತಿದ್ದುದರಿಂದ ಎಲ್ಲರಿಗೂ ಅವನು ಗೋಂದಣ್ಣ. ನಿಜವಾದ ಹೆಸರು ಕೇಳುವ ಧೈರ್ಯ ತಂಗಿಗೆ ಈವರೆಗೂ ಬಂದಿರಲಿಲ್ಲ.

ಸ್ಟೂಲಿನ ತುದಿಯಲ್ಲಿ ಕುಳಿತಿದ್ದ ಅವಳು ಗಡಿಯಾರ ನೋಡಿದಳು. ಮೂರೂವರೆ. ಸೇರಿಸಿಕೊಳ್ಳುವ ಮುನ್ನ ಐದಕ್ಕೆ ಒಂದು ಬ್ಯಾಂಡಿನವರು ಅವಳ ನುಡಿಕೆ ಕೇಳುವವರಿದ್ದರು. ಮೂರು ತಿಂಗಳು ಬಾಗಿಲು ಹಾಕಿಕೊಂಡು ನುಡಿಸಿದ್ದನ್ನು ಮೊದಲ ಸಲ ಪರರ ಮುಂದೆ ನುಡಿಸಬೇಕು. ಅಣ್ಣ ಕೊಟ್ಟ ಹಳೆಯದರ ಕತ್ತು ಸವೆದ ಸೋಪಿನಷ್ಟು ನುಣುಪು, ಆದರೆ ವೈರು ಸಿಕ್ಕಿಸುವ ತೂತು ಸಡಿಲವಾಗಿ ದನಿ ಬಂದು ಬಂದು ಹೋಗುತ್ತಿತ್ತು. ಅವಳು ಕೊಂಡ ಹೊಸದರ ದನಿ ಗಟ್ಟಿ, ಆದರೆ ಕತ್ತಿಗೆ ಅಡ್ಡ ಕೂರಿಸಿದ ಲೋಹದ ಫ್ರೆಟ್ಟುಗಳ ತುದಿ ಅಂಗೈ ಗೀರುತ್ತಿತ್ತು. ಹಳೆಯ ಕತ್ತನ್ನು ಹೊಸ ಒಡಲಿಗೆ ಹಾಕಿಸುವುದು ಅಣ್ಣನ ಉಪಾಯ. ಅವಳು ಹೂಂ ಅಂದಿದ್ದಳು. ಎಲ್ಲದಕ್ಕೂ ಹೂಂ ಅನ್ನುವವಳೇ.

"ಹೊಸದರ ಗುಳಿ ಕೆತ್ತಿ ದೊಡ್ಡದು ಮಾಡ್ರಿ. ಆಗಿನ ಕೆಲಸ ಅಂದ್ರೆ ಕೆಲಸ. ನನ್ನದರ ಒಡಲು ಒಂದೇ ತುಂಡು ಮರ, ಗೊತ್ತಾ?"

ಗೋಂದಣ್ಣ ಹಳೆಯ ಒಡಲನ್ನು ಬೆಳಕಿಗೆ ಹಿಡಿದ. ಕತ್ತು ಕಳಚಿದ ಜಾಗದಲ್ಲಿ ಬಣ್ಣವಿರಲಿಲ್ಲ. ಪದರದ ಮೇಲೆ ಪದರ, ಒಟ್ಟು ಏಳು.

"ಪ್ಲೈವುಡ್ಡು. ನಮ್ಮನೆ ಬೀರು ಬಾಗಿಲು ಇದಕ್ಕಿಂತ ವಾಸಿ."

ಅಣ್ಣನ ಕಿವಿ ಕೆಂಪಾಯಿತು. "ಆದ್ರೇನೀಗ? ಹೊಸದು ಕೈ ಕುಯ್ಯುತ್ತಲ್ಲ!"

"ಇಲ್ಲ ಅಂದೋರ್ಯಾರು? ಆಗ ಮರದಲ್ಲಿ ಮೋಸ, ಈಗ ಉಜ್ಜೋದ್ರಲ್ಲಿ ಮೋಸ."

ಇಬ್ಬರೂ ವಾದಕ್ಕೆ ಬಿದ್ದರು. ಆಗಿನ ಬಿರಡೆ, ಈಗಿನ ಬಿರಡೆ. ಆಗಿನ ಸ್ಕ್ರೂ, ಈಗಿನ ಸ್ಕ್ರೂ. "ಅಣ್ಣಾ," ಎಂದಳು ಅವಳು. ಯಾರಿಗೂ ಕೇಳಿಸಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಹಾಳಾಗಲಿ, ಹಳೇದನ್ನೇ ಜೋಡಿಸಿ, ತೂತಿಗೆ ಟೇಪ್ ಸುತ್ತಿ ಕೊಡಿ. ಅದನ್ನೇ ನುಡಿಸ್ತಾಳೆ."

"ನುಡಿಸಲ್ಲ."

ತನ್ನ ದನಿಗೆ ತಾನೇ ಬೆಚ್ಚಿದಳು. ಆದರೂ ನಿಲ್ಲಿಸಲಿಲ್ಲ. "ನಡುವೆ ದನಿ ನಿಂತ್ರೆ ಅಲ್ಲಿ ಪೆಚ್ಚುಪೆಚ್ಚಾಗಿ ನಿಲ್ಲೋಳು ನಾನು. ಒಬ್ಬರಾದ್ರೂ ನನ್ನ ಕೈ ನೋಡಿದ್ರಾ? ಹೊಸದಕ್ಕೆ ಅದರ ಕತ್ತೇ ಹಾಕಿ. ಅರ ಕೊಡಿ ಇಲ್ಲಿ, ನಾನೇ ಉಜ್ಜಿಕೋತೀನಿ."

ಗೋಂದಣ್ಣ ಅಣ್ಣನ ಮುಖ ನೋಡಲಿಲ್ಲ. ನಾಲ್ಕು ಸ್ಕ್ರೂ ಬಿಗಿದು, ಸಣ್ಣ ಅರವೊಂದನ್ನು ಅವಳ ಕೈಗಿಟ್ಟ. "ಓರೆ ಹಿಡೀಬೇಕಮ್ಮ. ಒಂದೇ ಕಡೆ ಎಳೀರಿ. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದ್ರೆ ಮರ ಹೋಗುತ್ತೆ."

ಅವಳು ಒಂದೊಂದೇ ತುದಿ ಉಜ್ಜತೊಡಗಿದಳು. ಗಿಟಾರು ಮೇಜಿನ ಮೇಲೆ ಜಾರುತ್ತಿತ್ತು. ಅಣ್ಣ ಎರಡೂ ಕೈಯಿಂದ ಅದನ್ನು ಅಲುಗದಂತೆ ಹಿಡಿದುಕೊಂಡ.

ಹನ್ನೊಂದು ಫ್ರೆಟ್ಟು ಮುಗಿದವು. ಇನ್ನೂ ಒಂಬತ್ತು. ಅವಳು ಅಂಗೈ ಜಾರಿಸಿ ನೋಡಿದಳು. ಹನ್ನೆರಡನೆಯದರ ಹತ್ತಿರ ಚರ್ಮ ಸಿಕ್ಕಿಕೊಂಡು ಕೈ ನಿಂತಿತು. ಅವಳು ಅರವನ್ನು ಅದರ ತುದಿಗೆ ಓರೆ ಹಿಡಿದಳು.