ಮಸುಕಿನಲ್ಲಿ ಬಂದವಳು

ಅಕ್ಕನ ಬಳಿ ಮಗಳ ಫೋಟೋ ಇದ್ದದ್ದು ಒಂದೇ. ಡಿಜಿಟಲ್ ಕ್ಯಾಮೆರಾಗಳು ಆಗಷ್ಟೇ ಬಂದ ಕಾಲದಲ್ಲಿ ತೆಗೆದದ್ದು. ಹುಡುಗಿ ತಲೆ ತಿರುಗಿಸಿದ್ದರಿಂದ ಮುಖವೆಲ್ಲ ಮಸುಕು. ಆ ವರ್ಷವೇ ಜ್ವರ ಬಂದು ಅವಳು ತೀರಿಕೊಂಡಳು. "ಮಸುಕಾದ್ರೇನು, ಮಿಕ್ಕಿದ್ದು ನನಗೆ ಗೊತ್ತಲ್ಲ" ಎನ್ನುತ್ತಿದ್ದಳು ಅಕ್ಕ.

ಗೋಡೆಯ ಮೇಲಿದ್ದ ಆ ಫೋಟೋ ಬಣ್ಣ ಕಳೆದುಕೊಂಡು ಬರಿಯ ಕಾಗದವಾದಾಗ ಇನ್ನೊಂದು ಪ್ರತಿ ಹಾಕಿಸಲು ನಾನೂ ಅಕ್ಕನೂ ಸ್ಟುಡಿಯೋಕ್ಕೆ ಹೋದೆವು. ಸ್ಟುಡಿಯೋದವನನ್ನು ಬೀದಿಯವರೆಲ್ಲ ಫ್ಲ್ಯಾಶಪ್ಪ ಎನ್ನುತ್ತಾರೆ. ವಯಸ್ಸಾದವರು ಬಂದರೆ ಕೇಳದೆಯೇ ಫ್ಯಾನನ್ನು ಅವರ ಕಡೆ ತಿರುಗಿಸುವ ಮನುಷ್ಯ. ಫೋಟೋದ ಫೈಲು ಅವನ ಕಂಪ್ಯೂಟರಿನಲ್ಲೇ ಇತ್ತು.

"ವ್ಯಾಪಾರ ಹೇಗಪ್ಪ?" ಎಂದಳು ಅಕ್ಕ.

"ಫೋನಲ್ಲೇ ಕ್ಯಾಮೆರಾ ಬಂದಾಗ ನೊಣ ಹೊಡೀತಾ ಕೂತಿದ್ದೆ ದೊಡ್ಡಮ್ಮ. ಈಗ ಮತ್ತೆ ಚಿಗುರಿದೆ. ಕಾಲೇಜು ಮಕ್ಕಳು ಹಳೇ ಪುಟ್ಟ ಕ್ಯಾಮೆರಾ ಹುಡುಕ್ಕೊಂಡು ಬರ್ತಾರೆ. ದುಡ್ಡಿರೋರು ಹೊಸದೇ ಬೇಕು ಅಂತಾರೆ. ಮೊದಲು ಕಂಪನಿಗಳಿಗೆ ಮೆಗಾಪಿಕ್ಸೆಲ್ ಹುಚ್ಚು. ಈಗ ಯಾರ ಕ್ಯಾಮೆರಾಕ್ಕೆ ಬುದ್ಧಿ ಜಾಸ್ತಿ ಅಂತ ಪೈಪೋಟಿ."

"ಆ ಬುದ್ಧಿ ಮಿಕ್ಕಿದ್ರೆ ನಿನಗೂ ಒಂಚೂರು ಹಾಕಿಸ್ಕೋ."

ಅವನು ನಗುತ್ತಲೇ ಪ್ರತಿ ಕೈಗಿಟ್ಟ. ಮಸುಕು ಹೋಗಿತ್ತು. ಕಂಪ್ಯೂಟರು ಊಹಿಸಿ ತುಂಬಿದ ಸ್ಪಷ್ಟ ಕಣ್ಣು, ತಿದ್ದಿದಂಥ ತುಟಿ. ಅಕ್ಕ ತುಂಬ ಹೊತ್ತು ನೋಡಿ, "ಲಕ್ಷಣವಾಗಿದಾಳೆ" ಎಂದಳು, ಬೇರೆಯವರ ಮಗುವನ್ನು ಹೊಗಳುವ ದನಿಯಲ್ಲಿ. ಆಮೇಲೆ, "ಹಳೇದನ್ನೂ ಒಂದು ಕೊಡು" ಎಂದಳು.

ಫ್ಲ್ಯಾಶಪ್ಪ ನಾಲಿಗೆ ಕಚ್ಚಿಕೊಂಡ. ತಿದ್ದಿದ್ದನ್ನು ಹಳೆಯದರ ಮೇಲೆಯೇ ಉಳಿಸುವುದು ಅವನ ರೂಢಿ. ಹಳೆಯದು ಎಲ್ಲಿಯೂ ಇರಲಿಲ್ಲ. ಸಾಲದ್ದಕ್ಕೆ, ಅಕ್ಕನಿಗೆ ಖುಷಿಯಾಗಲೆಂದು, ತನ್ನ ಹೊಸ ಕ್ಯಾಮೆರಾಕ್ಕೂ ಆ ಮುಖದ ಗುರುತು ಕಲಿಸಿಬಿಟ್ಟಿದ್ದ.

ಪೆಚ್ಚಾಗಿ, ಸಮಾಧಾನಕ್ಕೆಂದು ಅಕ್ಕನದೇ ಒಂದು ಫೋಟೋ ತೆಗೆದ. ಅದರಲ್ಲಿ ಅಕ್ಕನ ಹಿಂದೆ, ಗಾಜಿನ ಬಾಗಿಲಿನಾಚೆ, ಆ ಹುಡುಗಿ ನಿಂತಿದ್ದಳು. ತಿರುಗಿ ನೋಡಿದೆವು. ಖಾಲಿ ಬೀದಿ, ಬಿಸಿಲು.

"ಎಲ್ಲಿ ಮಸುಕು ಕಂಡ್ರೂ ಕಲಿತ ಮುಖವನ್ನ ತುಂಬುತ್ತೆ, ಅಷ್ಟೇ" ಎಂದ. ಆದರೆ ಹಣೆ ಒರೆಸಿಕೊಂಡ.

ಅಕ್ಕ ಮತ್ತೆ ಮತ್ತೆ ಹೋಗತೊಡಗಿದಳು. ಮುಂದಿನ ಫೋಟೋದಲ್ಲಿ ಹುಡುಗಿ ಬಾಗಿಲಿನ ಒಳಗಿದ್ದಳು. ಅದರ ಮುಂದಿನದರಲ್ಲಿ ಅಕ್ಕನ ಕುರ್ಚಿಯ ಹಿಂದೆ. ಅಲ್ಲಿ ಮಸುಕೇ ಇರಲಿಲ್ಲ.

ಒಂದು ಸಂಜೆ ಹುರುಳಿಕಾಯಿ ಬಿಡಿಸುತ್ತ ಅಕ್ಕ ಕೇಳಿದಳು: "ನನ್ನ ಮಗಳ ಮುಖ ನಿನಗೆ ನೆನಪಿದೆಯೇನೇ? ನಾನು ಕಣ್ಣು ಮುಚ್ಚಿದ್ರೆ ಈ ಫೋಟೋದವಳೇ ಬರ್ತಾಳೆ."

ನಾನೂ ಕಣ್ಣು ಮುಚ್ಚಿದೆ. ಎತ್ತಿ ಆಡಿಸಿದ ಮಗು ಬರಲಿಲ್ಲ. ಇವಳೇ ಬಂದಳು. ಇನ್ನಷ್ಟು ದಿನ ಬಿಟ್ಟರೆ ಆ ಮಗು ಇಬ್ಬರಲ್ಲಿಯೂ ಉಳಿಯುವುದಿಲ್ಲ ಎನ್ನಿಸಿ, ಬೆಳಿಗ್ಗೆಯೇ ಅಕ್ಕನನ್ನು ಎಬ್ಬಿಸಿಕೊಂಡು ಸ್ಟುಡಿಯೋಕ್ಕೆ ಹೋದೆ.

"ಆ ಮುಖವನ್ನ ಕ್ಯಾಮೆರಾದಿಂದ ಅಳಿಸಿಬಿಡಪ್ಪ."

"ಅಳಿಸ್ತೀನಮ್ಮ. ನನಗೂ ಇಲ್ಲಿ ಒಬ್ಬನೇ ಇರೋಕೆ ಆಗ್ತಿಲ್ಲ" ಎಂದು ಅವನು ಅಳಿಸುವ ಗುಂಡಿಯ ಮೇಲೆ ಬೆರಳು ಇಟ್ಟ. ಅಕ್ಕ ಮೆಲ್ಲಗೆ ಆ ಕೈ ಹಿಡಿದಳು.

"ಬೇಡ."

"ಅವಳು ನಮ್ಮ ಹುಡುಗಿ ಅಲ್ಲ ಅಕ್ಕ!"

"ಅಷ್ಟೂ ಗೊತ್ತಾಗಲ್ವೇನೇ ನನಗೆ? ನನ್ನ ಮಗಳು ಹೋದಳು, ಈಗ ಮುಖಾನೂ ಹೋಯ್ತು. ಇವಳನ್ನ ಅಳಿಸಿದ್ರೆ ಅದು ವಾಪಸ್ ಬರುತ್ತಾ?" ಅಕ್ಕ ಬೆಂಚಿನ ಮೇಲೆ ಕೂತಳು. "ಪಾಪ, ಬಾಗಿಲಾಚೆಯಿಂದ ಇಲ್ಲಿವರೆಗೆ ಬಂದಿದಾಳೆ. ಹೊರಗೆ ಹಾಕಿದ್ರೆ ಯಾರ ಮನೆಗೆ ಹೋಗ್ತಾಳೆ?"

ಅಕ್ಕ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು, ಆ ತುದಿಗೆ ಕೂರುವಂತೆ ನನಗೆ ಸನ್ನೆ ಮಾಡಿದಳು. ಕೂತೆ. ಫ್ಲ್ಯಾಶಪ್ಪ ಕ್ಯಾಮೆರಾ ಎತ್ತಿದ. ಗುಂಡಿ ಒತ್ತಲಿಲ್ಲ.

"ಏನಾಯ್ತಪ್ಪ?"

"ಯಾರೋ ಕಣ್ಣು ಮುಚ್ಚಿದಾರೆ ಅಂತ ತೋರಿಸ್ತಿದೆ. ಎಲ್ರೂ ಕಣ್ಣು ಬಿಟ್ರೆ ತಾನೇ ತೆಗೆಯುತ್ತೆ."

ನಾವಿಬ್ಬರೂ ಕಣ್ಣು ಬಿಟ್ಟೇ ಇದ್ದೆವು. ಅಕ್ಕ ನಡುವಿನ ಖಾಲಿ ಜಾಗದ ಕಡೆ ಬಾಗಿ, ಎಷ್ಟೋ ವರ್ಷಗಳಿಂದ ನಾನು ಕೇಳದಿದ್ದ ದನಿಯಲ್ಲಿ, "ಹೆದರ್ಬೇಡ ಪುಟ್ಟಿ, ಕಣ್ಣು ಬಿಡು" ಎಂದಳು.

ಕ್ಯಾಮೆರಾ ಕ್ಲಿಕ್ಕೆಂದಿತು.