ಮೂರನೇ ಬಾಗಿಲು

"ನಾಲ್ಕು ಜನ ಅಳಿಸಿ ಅಂದಿದ್ದಾರೆ, ನಾಲ್ಕು ಜನ ಇರಲಿ ಅಂದಿದ್ದಾರೆ. ಇನ್ನೂ ಎಷ್ಟು ಹೊತ್ತು ಮೀನಮೇಷ ಎಣಿಸ್ತೀಯಾ?" ಭಾವ ಅವಳ ಹೆಗಲ ಮೇಲಿಂದ ಪರದೆಗೆ ಇಣುಕಿದರು. "ಒಂದು ನಾಣ್ಯ ಚಿಮ್ಮಿಬಿಡು, ಜಡ್ಜಮ್ಮ."

ಅವಳು ಆಗಷ್ಟೇ ಗಾಜು ಉಜ್ಜುವ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಕೂತಿದ್ದಳು. ಭಾವನ ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ಜನರ ಕಣ್ಣಿಗೆ ತಕ್ಕ ಗಾಜು ತಯಾರಿಸುವುದು ಅವಳ ಕೆಲಸ. ಯಂತ್ರ ತಣ್ಣಗಾಗುವಷ್ಟು ಹೊತ್ತು ಕಂಪ್ಯೂಟರಿನ ಮುಂದೆ ಕೂತು, ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲ ವಿಶ್ವಕೋಶದಲ್ಲಿ ಯಾವ ಪುಟ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ಅವಳ ಹುಚ್ಚು. ಬಿಡಿಗಾಸಿನ ಸಂಬಳವೂ ಇಲ್ಲದ ಈ ನ್ಯಾಯಾಧೀಶಗಿರಿಯಿಂದಾಗಿ ಒಡಹುಟ್ಟಿದ ಅಕ್ಕನೂ ಅವಳನ್ನು ಜಡ್ಜಮ್ಮ ಎಂದೇ ಕರೆಯುತ್ತಿದ್ದಳು.

ಇಂದಿನ ಪುಟ ಒಬ್ಬ ಒಪೆರಾ ಗಾಯಕಿಯದು. ಹೊಸ ಹುಡುಗಿ. ಎರಡು ವರ್ಷ ಹಿಂಬದಿಯ ಮೇಳದಲ್ಲಿ ಹಾಡಿ, ಈಗಷ್ಟೇ ಎರಡು ಚಿಕ್ಕ ಪಾತ್ರ ಕಂಡವಳು. ಪುಟ ಉಳಿಯಬೇಕಾದರೆ ಅವಳ ಬಗ್ಗೆ ಇಬ್ಬರಾದರೂ ಹೊರಗಿನವರು ವಿವರವಾಗಿ ಬರೆದಿರಬೇಕು. ಸಿಕ್ಕಿದ್ದು ಒಂದೇ, ಸಂಗೀತ ಮಾಸಿಕವೊಂದರ ಅರ್ಧ ಪುಟ. ಇನ್ನೊಂದೆಂದು ಕೊಟ್ಟಿದ್ದ ಪತ್ರಿಕೆಯ ತುಣುಕಿನಲ್ಲಿ ಹತ್ತೊಂಬತ್ತು ಹೆಸರುಗಳ ನಡುವೆ ಅವಳದು ಒಂಬತ್ತನೆಯದು, ಅಷ್ಟೆ.

ಪುಟ ಬರೆದವರು 'ಮೂರನೇ ಬಾಗಿಲು' ಎಂಬ ಹೆಸರಿಟ್ಟುಕೊಂಡ ಯಾರೋ. 'ಮುಖ್ಯ ಗಾಯಕಿಗೆ ಗಂಟಲು ಕಟ್ಟಿದ ದಿನ ಮೂರನೇ ಅಂಕವನ್ನು ಇವಳೇ ಹಾಡಿದಳು. ಮುಗಿದ ಮೇಲೆ ಸಭೆ ಚಪ್ಪಾಳೆ ತಟ್ಟುವುದನ್ನೇ ಮರೆತು ಕೂತಿತ್ತು.' ಈ ಸಾಲಿನ ಪಕ್ಕದಲ್ಲಿ 'ಆಧಾರ ಬೇಕು' ಎಂದು ಜಡ್ಜಮ್ಮನೇ ಚೀಟಿ ಅಂಟಿಸಿದ್ದಳು. ಕೆಳಗಿನ ಚರ್ಚೆಯಲ್ಲಿ ಆ ವ್ಯಕ್ತಿ ಇಷ್ಟೇ ಬರೆದಿದ್ದ: 'ಈ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಅಷ್ಟರೊಳಗೆ ಆ ದಿನ ಎಲ್ಲಾದರೂ ಒಂದು ಕಡೆ ಉಳಿಯಬೇಕು.' ಇದೊಂದು ವಾದವೇ ಎಂದು ಯಾರೋ ಕೇಳಿದ್ದರು. ವಾದವಲ್ಲ, ನಿಜ. ಆದರೂ ಜಡ್ಜಮ್ಮ ಅದನ್ನು ಬೆಳಗಿನಿಂದ ಆರು ಸಲ ಓದಿದ್ದಳು.

"ಅವಳ ಹಾಡು ಕೇಳಿದ್ದೀಯಾ ನೀನು?" ಭಾವ ಕೇಳಿದರು.

"ಕೇಳಬಾರದು ಭಾವ. ಕೇಳಿ ಮೆಚ್ಚಿಕೊಂಡ್ರೆ ಆಮೇಲೆ ತೀರ್ಪು ಕೊಡೋಕೆ ನನಗೆ ಮುಖ ಎಲ್ಲಿರುತ್ತೆ?"

"ಚೆನ್ನಾಗಿದೆ! ರುಚಿ ನೋಡದೆ ಅಡುಗೆಗೆ ಬಹುಮಾನ ಕೊಡೋರು ನೀವು."

ನಿಯಮ ಅಷ್ಟು ಬಿಗಿಯೇನಲ್ಲ. ಅದು ಅವಳೇ ಎಳೆದುಕೊಂಡಿದ್ದ ಗೆರೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದಾಟಿರಲಿಲ್ಲ.

ಸಂಜೆ ಐದಕ್ಕೆ ಗಡುವು. ಎರಡಕ್ಕೆ ಅವಳು ಒಪೆರಾ ಮಂದಿರಕ್ಕೆ ಹೋದಳು, ಕಚೇರಿಯ ಕಡತದಲ್ಲಿ ಇನ್ನೊಂದು ಲೇಖನ ಸಿಕ್ಕೀತೆಂದು. ಗುಮಾಸ್ತೆ ಪತ್ರಿಕೆಯ ತುಣುಕುಗಳನ್ನು ಅಂಟಿಸಿದ ದಪ್ಪ ಪುಸ್ತಕವನ್ನು ಮುಂದಿಟ್ಟಳು. ಗಂಟಲು ಕಟ್ಟಿದ ದಿನದ ವಿಮರ್ಶೆ ಅದರಲ್ಲಿತ್ತು, ಮೂರನೇ ಅಂಕದ ಸುದ್ದಿ ಮಾತ್ರ ಇರಲಿಲ್ಲ. "ವಿಮರ್ಶಕರು ಎರಡನೇ ಅಂಕಕ್ಕೇ ಎದ್ದು ಹೋಗ್ತಾರೆ. ಅವರಿಗೂ ಮನೆ ಮಠ ಇದೆಯಲ್ಲಮ್ಮ," ಎಂದಳು ಗುಮಾಸ್ತೆ.

ಹಿಂದಿರುಗುವಾಗ ಸಭಾಂಗಣದ ಪಕ್ಕದ ಒಳ ಓಣಿಯಲ್ಲಿ ಕೆಂಪು ಜಮಖಾನೆ, ಅರೆಬೆಳಕು. ಬಾಗಿಲುಗಳಿಗೆ ಹಿತ್ತಾಳೆಯ ಅಂಕಿಗಳು. ಒಂದು, ಎರಡು. ಮೂರನೆಯದರ ಪಕ್ಕ ಸಮವಸ್ತ್ರ ತೊಟ್ಟ ಹಿರಿಯರೊಬ್ಬರು ಸ್ಟೂಲಿನ ಮೇಲೆ ಕೂತು, ಬಾಗಿಲನ್ನು ಮೂರು ಬೆರಳಿನಷ್ಟು ತೆರೆದು ಹಿಡಿದಿದ್ದರು. ಅವಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಸರಿದು ಹೋಗಬೇಕಿತ್ತು. ಕಾಲು ಕದಲಲಿಲ್ಲ.

ಒಳಗೆ ತಾಲೀಮು. ಆ ಸಂದಿಯಿಂದ ದನಿಯೊಂದು ಬಂತು. ಮೊದಲು ಅದು ದನಿಯೆಂದೇ ತಿಳಿಯಲಿಲ್ಲ, ಓಣಿಯ ಗಾಳಿಯೇ ಬೆಚ್ಚಗಾದಂತಿತ್ತು. ಭಾಷೆ ಗೊತ್ತಿಲ್ಲ, ಕಥೆ ಗೊತ್ತಿಲ್ಲ. ಚಿಕ್ಕವಳಿದ್ದಾಗ ಜ್ವರದಲ್ಲಿ ಮಲಗಿ ಪಕ್ಕದ ಕೋಣೆಯಲ್ಲಿ ಅಮ್ಮ ಓಡಾಡುವುದನ್ನು ಕೇಳುತ್ತಿದ್ದ ಮಧ್ಯಾಹ್ನ ನೆನಪಾಯಿತು. ಗೋಡೆಗಳು ಹಿಂದೆ ಸರಿದವು, ಜಮಖಾನೆ ತೇಲಿತು, ಎಷ್ಟು ಹೊತ್ತು ನಿಂತಳೋ ಅವಳಿಗೇ ಗೊತ್ತಿಲ್ಲ. ಹಾಡು ನಿಂತಾಗ ಒಳಗೆ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಜಡ್ಜಮ್ಮನ ಕಣ್ಣು ತುಂಬಿತ್ತು. ಸಂತೋಷವಾಗಿತ್ತು, ಹಿಂದೆಯೇ ಹೆದರಿಕೆಯೂ ಆಯಿತು.

"ಹಾಡಿದ್ದು ಅವಳೇ ಅಲ್ವಾ? ಆ ಪುಟ ಬರೆದೋರು ನೀವೇನಾ?" ಮೆಲ್ಲಗೆ ಕೇಳಿದಳು.

"ಹೌದು ತಾಯಿ. ಆಧಾರ ಬೇಕು ಅಂತ ಚೀಟಿ ಅಂಟಿಸಿದೋರು ನೀವೇನಾ?" ಅವರು ನಕ್ಕರು. "ಆವತ್ತು ನಾನು ಇಲ್ಲೇ ಇದ್ದೆ. ಈ ಎರಡು ಕಿವಿಯಲ್ಲಿ ಕೇಳಿದೀನಿ. ಅದು ಆಧಾರ ಅಲ್ವಾ?"

"ಅಲ್ಲ. ಬೇರೆಯವರು ಬರೆದಿರಬೇಕು. ಅದೂ ಇಬ್ಬರು."

"ಬೇರೆಯವರು ಎದ್ದು ಹೋಗಿದ್ರಲ್ಲ. ಹಾಗಾದ್ರೆ ಅವಳು ಹಾಡೇ ಇಲ್ವಾ?"

ಅವಳು ಗಡಿಯಾರ ನೋಡಿಕೊಂಡು ಹೊರಟಳು.

ಅಂಗಡಿಗೆ ಬಂದಾಗ ಐದಕ್ಕೆ ಹತ್ತು ನಿಮಿಷ. ಅಭಿಪ್ರಾಯ ಸಮ ಬಿದ್ದರೆ ಪುಟ ಉಳಿಸಿಬಿಡುವ ರೂಢಿಯೂ ಇತ್ತು. ಒಂದು ಗುಂಡಿ ಒತ್ತಿದರೆ ಮುಗಿಯಿತು, ಯಾರೂ ಚಕಾರ ಎತ್ತುತ್ತಿರಲಿಲ್ಲ. ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ಒತ್ತಬೇಕೆನ್ನುತ್ತಿದ್ದುದು ಅವಳ ವಿವೇಕವಲ್ಲ, ಮೂರನೇ ಬಾಗಿಲಲ್ಲಿ ನಿಂತಿದ್ದ ಕಿವಿ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಚರ್ಚೆಯ ಕೆಳಗೆ ಬರೆದಳು: 'ನಾನು ಇವಳ ಹಾಡು ಕೇಳಿದ್ದೇನೆ. ಆದ್ದರಿಂದ ತೀರ್ಪು ನನ್ನಿಂದಾಗದು. ಬೇರೆಯವರು ನೋಡಿ.'

ಹನ್ನೆರಡು ನಿಮಿಷದಲ್ಲಿ ಬೇರೆಯವರು ನೋಡಿದರು. 'ತಲೆಯೆಣಿಕೆ ಮುಖ್ಯವಲ್ಲ. ಆಧಾರ ಸಾಲದು. ಅಳಿಸಲಾಗಿದೆ.'

"ಸುಮ್ಮನಿದ್ದಿದ್ರೆ ಉಳೀತಿತ್ತಲ್ಲೇ," ಎಂದರು ಭಾವ. ಈ ಸಲ ಜಡ್ಜಮ್ಮ ಎನ್ನಲಿಲ್ಲ. ಅವಳು ಯಂತ್ರ ಶುರುಮಾಡಿ, ಉಜ್ಜಿ ಮುಗಿದಿದ್ದ ಗಾಜನ್ನೇ ಮತ್ತೆ ಉಜ್ಜತೊಡಗಿದಳು.

ಮರುದಿನ ಎರಡು ಗಂಟೆಗೆ ಅವಳು ಮತ್ತೆ ಆ ಓಣಿಯಲ್ಲಿದ್ದಳು.

"ಪುಟ ಹೋಯ್ತು," ಎಂದಳು. "ನನ್ನಿಂದಲೇ ಹೋಯ್ತು."

"ನೋಡಿದೆ." ಅವರು ಬಗ್ಗಿ ಬೂಟಿನ ದಾರ ಬಿಗಿದರು. "ಕೆಳಗಿನ ಚರ್ಚೆ ಮಾತ್ರ ಅಳಿಸಿಲ್ಲ, ಹಾಗೇ ಇದೆ. ನೀವು ಬರೆದಿದ್ದೂ ಇದೆ, ನಾನು ಇವಳ ಹಾಡು ಕೇಳಿದ್ದೇನೆ ಅಂತ." ಆಮೇಲೆ ತಲೆಯೆತ್ತಿದರು. "ಎಷ್ಟು ಜನ ಬೇಕು ಅಂದಿದ್ರಿ, ತಾಯಿ?"

"ಇಬ್ಬರು."

ಅವರು ಎದ್ದು ಮೆಟ್ಟಿಲ ಕೆಳಗಿನಿಂದ ಇನ್ನೊಂದು ಸ್ಟೂಲು ತಂದರು. ತೋಳಿನಿಂದ ಅದರ ಧೂಳು ಒರೆಸಿ ತಮ್ಮದರ ಪಕ್ಕದಲ್ಲಿಟ್ಟರು. ಒಳಗೆ ವಾದ್ಯಗಳು ಶ್ರುತಿ ಸೇರುತ್ತಿದ್ದವು. ಅವರು ಬಾಗಿಲನ್ನು ನಿನ್ನೆಗಿಂತ ಒಂದು ಬೆರಳಿನಷ್ಟು ಹೆಚ್ಚು ತೆರೆದರು.