ಸರತಿಯಲ್ಲಿ ಇಪ್ಪತ್ತೊಂಬತ್ತು ಅರ್ಜಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕಾಗದ ಉಗುಳದ ಒಂದು ಪ್ರಿಂಟರಿನಿಂದ ಶುರು ಮಾಡಿದರೆ ನೀವು ನಗುತ್ತೀರಿ. ಸ್ಮಶಾನದಿಂದ ಶುರು ಮಾಡಿದರೆ ಕಣ್ಣು ಒರೆಸಿಕೊಳ್ಳುತ್ತೀರಿ. ನನಗೆ ಎರಡೂ ಬೇಡ. ನಿಮ್ಮ ಸಿಟ್ಟು ಬೇಕು.

(ಮೊದಲ ಕರಡು: "ಬೈಲಹೊಂಗಲದ ಮೇಲೆ ಕೆಂಪು ಸಂಜೆ ಇಳಿಯುತ್ತಿತ್ತು." ಹರಿದು ಹಾಕಿದೆ. ಆಗ ಸಂಜೆಯೇ ಆಗಿರಲಿಲ್ಲ, ನಾಲ್ಕೂ ಹತ್ತು. ಕಚೇರಿಯ ಕಿಟಕಿ ಮುಚ್ಚುವುದು ಐದೂವರೆಗೆ. ಆಕಾಶಕ್ಕೆ ಬಣ್ಣ ಬಳಿಯಲು ಪುರುಸೊತ್ತಿಲ್ಲ.)

೨

ಸಂಗತಿ ಇಷ್ಟು. ಇಸವಿ ೨೦೦೭. ದೊಡವಾಡದ ಆಚೆಗಿನ ಒಂದೂರಲ್ಲಿ (ನಕಾಶೆಯಲ್ಲಿ ಹುಡುಕಬೇಡಿ, ನಾನೇ ಕಟ್ಟಿದ ಊರು) ಕೇರಿಯವರು ಹೆಣ ಹೂಳುವ ಜಾಗವನ್ನು ಲೇಔಟಿಗೆ ಕೊಡುತ್ತೇವೆಂದು ಬೈಲಹೊಂಗಲದ ತಾಲೂಕು ಕಚೇರಿಯಿಂದ ನೋಟಿಸು ಬಂದಿದೆ. ತಕರಾರು ಸಲ್ಲಿಸಲು ಇವತ್ತೇ ಕಡೆಯ ದಿನ. ಆ ಕೇರಿಯ ಕೆಂಚವ್ವನ ಗಂಡ, ಮಗಳು ಇಬ್ಬರೂ ಅಲ್ಲೇ ಮಣ್ಣಾಗಿದ್ದಾರೆ. ನಿನ್ನೆ ಅವಳು ಕೈಬರಹದ ಅರ್ಜಿ ಒಯ್ದಾಗ ಅಲ್ಲಿನ ಗುಮಾಸ್ತ, "ಅಕ್ಷರ ತಿಳಿಯೂದಿಲ್ಲ, ಟೈಪ್ ಮಾಡಿಸ್ಕೊಂಡು ಬಾ," ಎಂದು ತಿರುಗಿಸಿ ಕಳಿಸಿದ. ಅದಕ್ಕೇ ಅವಳು ಸೈಕಲ್ ಅಂಗಡಿಯ ಮಾಳಿಗೆ ಮೇಲಿನ ನಮ್ಮ ಓದುಗರ ಬಳಗಕ್ಕೆ ಬಂದದ್ದು. ಬಳಗದ ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ವ್ಯವಸ್ಥೆ. ಯಾವ ಧಣಿಯ ಹಂಗೂ ಇಲ್ಲದ್ದೇ ಬೇಕು ಎಂದು ಹಟ ಹಿಡಿದು ಹಾಕಿಸಿದವಳು ಮಾಲಾ. ಈಗ ಅದರ ಮುಂದೆ ಬೆವರುತ್ತ ಕೂತವಳೂ ಅವಳೇ.

೩

ವೈರು ಅಲುಗಾಡಿಸಿದಳು. ಪ್ರಿಂಟರ್ ಆರಿಸಿ ಮತ್ತೆ ಹಚ್ಚಿದಳು. ನಿನ್ನೆ ಸಿಕ್ಕಿಬಿದ್ದಿದ್ದ ಕಾಗದದ ಚೂರನ್ನು ನಿನ್ನೆಯೇ ಎಳೆದು ತೆಗೆದಾಗಿತ್ತು. ಹಸಿರು ದೀಪ ಉರಿಯುತ್ತಿತ್ತು, ಹಾಳೆ ಮಾತ್ರ ಬರಲೊಲ್ಲದು.

"ಇನ್ನೊಮ್ಮೆ ಒತ್ತಲೇನವಾ?" ಎಂದರು ಬಸಯ್ಯ ಮಾಸ್ತರು. ಟೈಪಿಂಗ್ ಕಲಿಸಿ ನಿವೃತ್ತರಾದವರು, ಅರ್ಜಿ ಟೈಪಿಸಿದವರೂ ಅವರೇ.

"ಇಲ್ಲೀತನಾ ಎಷ್ಟ ಸಲ ಒತ್ತೀರಿ ಮಾಸ್ತರ?"

"ನಾ ಎಂಟೊ ಒಂಬತ್ತೊ. ನಿನ್ನಿಯಿಂದ ಬಂದ ಬಂದ ಮಂದಿ ಎಲ್ಲಾ ಒತ್ಯಾರ. ಒಂದ ಅರ್ಜಿಗೆ ಯಾವ ಕೆಲಸ ಆಗೇತಿ ಈ ದೇಶದಾಗ?"

ಮಾಲಾ ಆಜ್ಞೆ ಬರೆಯುವ ಕಪ್ಪು ಪರದೆ ತೆರೆದು, ಪ್ರಿಂಟರಿನ ಸ್ಥಿತಿ ಕೇಳಲು lpstat ಎಂದು ಬಡಿದಳು. ಉತ್ತರ ಬಂತು: ಕಾಗದ ಸಿಕ್ಕಿಬಿದ್ದಾಗಲೇ ಯಂತ್ರ ತನ್ನ ಸರತಿಗೆ ತಾನೇ ತಡೆ ಹಾಕಿಕೊಂಡಿದೆ. ಚೂರು ತೆಗೆದವರು ತಡೆ ತೆಗೆದಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಒತ್ತಿದ್ದೆಲ್ಲ ಸ್ವೀಕಾರವಾಗಿದೆ, ಒಂದೂ ಮುದ್ರಣವಾಗಿಲ್ಲ. ಒಟ್ಟು ಇಪ್ಪತ್ತೊಂಬತ್ತು.

(ತಗೊಳ್ಳುತ್ತದೆ, ಮುಂದಕ್ಕೆ ಕಳಿಸುವುದಿಲ್ಲ. ಹೋಲಿಕೆ ನಾನು ಕೊಡುವುದಿಲ್ಲ. ನೀವೂ ಆ ಕಿಟಕಿಯ ಮುಂದೆ ನಿಂತು ಬಂದವರೇ.)

೩, ಇನ್ನೊಮ್ಮೆ

ತಡೆ ತೆಗೆದರೆ ಕಥೆ ಮುಗಿಯಿತಲ್ಲ? ಇಲ್ಲ. ಸರತಿಯಲ್ಲಿ ಮುಂದೆ ನಿಂತ ಇಪ್ಪತ್ತು ಅರ್ಜಿಗಳಲ್ಲಿ ಸರ್ವೆ ನಂಬರೇ ತಪ್ಪು. ಮಾಸ್ತರು ಅದನ್ನು ತಿದ್ದಿದ್ದು ಇವತ್ತು ಬೆಳಿಗ್ಗೆ. ಆ ತಪ್ಪುಗಳೆಲ್ಲ ಕುಂಟುತ್ತ ಹೊರಬರುವಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆ.

"ಎಲ್ಲಾ ರದ್ದು ಮಾಡಿ ಹೊಸದೊಂದು ಕೊಡತೇನಿ," ಎಂದಳು ಮಾಲಾ.

ಮೂಲೆಯಲ್ಲಿ ಕೂತಿದ್ದ ಕೆಂಚವ್ವ ಎದ್ದೇಬಿಟ್ಟಳು. "ರದ್ದು? ಯಾರದ ರದ್ದು?"

"ಅತ್ತಿ, ಇದು ಮಷೀನಿನ ಒಳಗಿಂದು..."

"ಅದರಾಗ ನಂದೂ ಐತಿ. ಹೆಬ್ಬಟ್ಟಿಲೆ ಒತ್ತೇನಿ."

ನಿಜ. "ಅರ್ಜಿ ನಿಂದು, ನೀನೂ ಒತ್ತವಾ," ಎಂದು ಮಾಸ್ತರು ಬೆಳಿಗ್ಗೆ ಕೀ ತೋರಿಸಿದಾಗ ಅವಳು ಎಡಗೈ ಹೆಬ್ಬೆರಳನ್ನು ಸೀರೆಗೆ ಒರೆಸಿ, ಕೀ ಮೇಲೆ ಆ ಕಡೆ ಈ ಕಡೆ ಹೊರಳಿಸಿ ಒತ್ತಿದ್ದಳು. ಆಮೇಲೆ ಮಸಿ ಹತ್ತಲಿಲ್ಲವಲ್ಲ ಎಂದು ಬೆರಳು ನೋಡಿಕೊಂಡಿದ್ದಳು.

"ಹೋದ ವರ್ಷ ರೇಷನ್ ಕಾರ್ಡಿಗೂ ಹಿಂಗ ಅಂದ್ರು. ಹಳೇದು ರದ್ದು, ಹೊಸದಕ್ಕ ಒತ್ತವಾ ಅಂತ. ಹಳೇದೂ ಹೋತು, ಹೊಸದೂ ಬರಲಿಲ್ಲ. ನಾ ಒತ್ತಿದ್ದ ಹೊರಗ ಬರಬೇಕು, ಮಾಲಾ. ಅದ ಬರಬೇಕು."

೫

(ನಾಲ್ಕನ್ನು ಹೊಡೆದು ಹಾಕಿದ್ದೇನೆ. ಅದರ ತುಂಬ ನಾನು ಮಾಲಾಳ ಸಂಗಡ ಜಗಳಾಡಿ ಸೋತದ್ದಿತ್ತು. ಉಳಿಸಿಕೊಂಡದ್ದು ಇಷ್ಟು.)

ನಾನು: cancel -a ಅಂತ ಒಂದೇ ಸಾಲು ಬಡಿದುಬಿಡು, ಎಲ್ಲಾ ಒಟ್ಟಿಗೇ ರದ್ದಾಗುತ್ತದೆ. ಮುದುಕಿಗೆ ಎಲ್ಲಿ ಗೊತ್ತಾಗುತ್ತದೆ?

ಮಾಲಾ: ಗೊತ್ತಾಗೂದಿಲ್ಲ ಅಂತನ ಇಲ್ಲೀತನಾ ಎಲ್ಲಾರೂ ರದ್ದು ಮಾಡಿದ್ದು.

ನಾನು: ಹೊತ್ತಾಗುತ್ತಿದೆ. ಕಥೆಯೂ ಉದ್ದವಾಗುತ್ತಿದೆ.

ಮಾಲಾ: ನಿಮ್ಮ ಕಥೀದು ನೀವು ನೋಡ್ಕೋರಿ. ಬರಿಯಾಕ ಬಂದೀರಿ, ಬರೀರಿ. ನಡುವ ಬಾಯಿ ಹಾಕಬ್ಯಾಡ್ರಿ.

(ಕ್ರಾಂತಿ ಬರೆಯುವವನಿಗೆ ಅವನ ಪಾತ್ರಗಳಿಂದ ಸಿಗುವ ಗೌರವ ಇದು.)

೬

ಸರತಿಯ ಪಟ್ಟಿಯಲ್ಲಿ ಯಾವುದನ್ನು ಯಾವಾಗ ಒತ್ತಿದ್ದು ಎಂಬುದೂ ಇರುತ್ತದೆ.

"ಅತ್ತಿ, ನೀವು ಒತ್ತಿದಾಗ ಟೈಮ್ ಎಷ್ಟಾಗಿತ್ತು?"

"ಬಸ್ಸು ಹನ್ನೊಂದಕ್ಕ ಇಳಿಸ್ತು. ಚಾ ಕುಡದೆ, ಮ್ಯಾಲ ಏರಿ ಬಂದೆ, ಒತ್ತಿದೆ."

ಹನ್ನೊಂದೂ ಇಪ್ಪತ್ತೆರಡು. ಐವತ್ತೊಂದನೇ ನಂಬರು (ಹಿಂದೆಂದೋ ಮುದ್ರಿಸಿದ ಮೂವತ್ತನ್ನೂ ಯಂತ್ರ ಎಣಿಕೆಗೆ ಹಿಡಿದಿದೆ), ತಿದ್ದಿದ ಮೇಲೆ ಮೊದಲನೆಯದು. ಮಾಸ್ತರು ಕೂಗುತ್ತ ಹೋದರು, ಮಾಲಾ ಒಂದೊಂದನ್ನೇ ರದ್ದು ಮಾಡುತ್ತ ಹೋದಳು. ಮೂವತ್ತೊಂದು. ಮೂವತ್ತೆರಡು. ಮೂವತ್ತಾರನ್ನು ಮಾಸ್ತರು ಎರಡು ಸಲ ಕೂಗಿ, ತಮ್ಮನ್ನೇ ಬೈದುಕೊಂಡರು. ನಲವತ್ತೊಂಬತ್ತು. ಐವತ್ತು.

"ಐವತ್ತೊಂದು," ಎಂದರು ಮಾಸ್ತರು ಅದೇ ಧಾಟಿಯಲ್ಲಿ.

"ಮಾಸ್ತರ!" ಮಾಲಾಳ ಬೆರಳು ಗಾಳಿಯಲ್ಲೇ ನಿಂತಿತು.

"ಅಯ್ಯ ಶಿವನ. ಐವತ್ತೆರಡು ಅಂತ ಬರಕೋ."

ಐವತ್ತೊಂದರ ಹಿಂದೆ ನಿಂತಿದ್ದ ಎಂಟೂ ಹೋದವು. ಉಳಿದದ್ದು ಒಂದು. cupsenable ಎಂದು ಬಡಿದು ತಡೆ ತೆಗೆದಳು. ಪ್ರಿಂಟರ್ ಕೆಮ್ಮಿತು, ನರಳಿತು, ಮೂರು ಪ್ರತಿ ಹೊರಗೆ ಹಾಕಿತು. ಕೆಂಚವ್ವ ಅಕ್ಷರ ನೋಡಲಿಲ್ಲ. ಹಾಳೆಯ ಮೇಲೆ ಅಂಗೈ ಇಟ್ಟು, "ಬೆಚ್ಚಗೈತಿ," ಎಂದಳು.

ಐದೂ ಹತ್ತು.

೭

ಅಂತ್ಯ, ಒಂದು: ಗುಮಾಸ್ತ ಸಿಕ್ಕಾ ಒತ್ತಿ ಒಂದು ಪ್ರತಿ ವಾಪಸು ಕೊಟ್ಟ.

ಅಂತ್ಯ, ಎರಡು: ಆವತ್ತು ಕಿಟಕಿ ಐದಕ್ಕೇ ಮುಚ್ಚಿತ್ತು.

ಮೊದಲನೆಯದನ್ನೇ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ. ಮೆಟ್ಟಿಲು ಇಳಿಯುತ್ತಿದ್ದ ಮಾಲಾ ತಿರುಗಿ ನಿಂತಳು.

"ನೀವ್ಯಾಕ ಸಿಕ್ಕಾ ಹೊಡೀತೀರಿ? ನೀವು ಹೊಡದ್ರ ಓದಿದವರು ಪುಸ್ತಕ ಮುಚ್ಚಿ, ಉಂಡು ಮಕ್ಕೋತಾರ. ಹೊಡಿಯಾವರು ಹೊಡೀಲಿ."

ಎರಡನ್ನೂ ಹರಿದೆ.

ಐದೂ ಇಪ್ಪತ್ತೆಂಟು. ಕಚೇರಿಯ ಕಿಟಕಿಯ ಸರಳುಗಳ ನಡುವೆ ಕೆಂಚವ್ವನ ಕೈ ಮೊಣಕೈವರೆಗೆ ಒಳಗಿದೆ. ಕೈಯಲ್ಲಿ ಮೂರು ಪ್ರತಿ. ಒಳಗಿನವನು ಗಡಿಯಾರ ನೋಡುತ್ತಿದ್ದಾನೆ, ಕಾಗದ ನೋಡುತ್ತಿಲ್ಲ.

"ಕೈ ತಗಿಯವಾ. ಕಿಟಕಿ ಹಾಕಬೇಕು."

"ಹಾಕ್ರಿ," ಎಂದಳು ಕೆಂಚವ್ವ.

ಕೈ ತೆಗೆದಿಲ್ಲ.